ಕೌನ್ಸೆಲಿಂಗ್ ಕಾಲದ ಹಾವು

ನಮ್ಮ ಶಾಲೆಯಲ್ಲಿ ನಾಗರಹಾವು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಏಳು ವರ್ಷದಿಂದ ಇದೆ ಇದೆ ಅಂತ ಫೋನಿನಲ್ಲಿ ಹೇಳಿಕೊಂಡು ಬಂದವಳು ನಾನೇ. ಒಂದೇ ಒಂದು ಸಲ ಬೇಲಿಯ ಹತ್ತಿರ ಕೇರೆಹಾವು ಕಾಣಿಸಿಕೊಂಡಿತ್ತು. ಒಂಬತ್ತನೇ ಕ್ಲಾಸಿನ ಹುಡುಗರು ಹೋ ಅಂತ ಕೂಗಿದ್ದಕ್ಕೆ ಪಾಪ, ಅದೇ ಹೆದರಿ ಗದ್ದೆಗೆ ಇಳಿದುಹೋಯಿತು. ಅಷ್ಟೇ ನಿಜ. ಮಿಕ್ಕಿದ್ದೆಲ್ಲ ನನ್ನ ಬಾಯಿಯ ಪ್ರತಾಪ.

ನನ್ನ ಹೆಸರು ಕೋಮಲ. ನಂಜನಗೂಡು ತಾಲ್ಲೂಕು, ಹೆಡತಲೆ ದಾಟಿ ಮುಂದೆ ಹೋದರೆ ನಮ್ಮೂರು. ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತಕ್ಕೆ ಅತಿಥಿ ಶಿಕ್ಷಕಿ. ಅತಿಥಿ ಅಂದ ತಕ್ಷಣ ಚಾಪೆ ಹಾಸಿ ನೀರು ಕೊಟ್ಟು ಕೂರಿಸುತ್ತಾರೆ ಅಂದುಕೊಳ್ಳಬೇಡಿ. ಕಾಯಂ ಟೀಚರುಗಳ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಲ್ಲ, ನನಗೆ ಬೇರೆ ನೋಟ್‌ಬುಕ್ಕು. ಪ್ರತಿ ಜೂನಿನಲ್ಲೂ ಹೊಸದಾಗಿ ಅರ್ಜಿ, ಪ್ರತಿ ಮಾರ್ಚಿಗೂ ಮನೆಗೆ. ನಡುವೆ ಯಾವತ್ತು ಕಾಯಂ ಟೀಚರೊಬ್ಬರು ವರ್ಗವಾಗಿ ಬಂದು ಡ್ಯೂಟಿಗೆ ರಿಪೋರ್ಟ್ ಮಾಡಿಕೊಂಡರೋ, ಅವತ್ತೇ ನಾನು ಚೀಲ ಎತ್ತಿಕೊಂಡು ಹೊರಡಬೇಕು. ಹದಿನೈದು ದಿನದ ನೋಟೀಸು ಗೀಟೀಸು ಏನೂ ಇಲ್ಲ. ಹಳೇ ಬಾಡಿಗೆದಾರನಿಗಾದರೂ ಒಂದು ತಿಂಗಳು ಟೈಮು ಕೊಡುತ್ತಾರೆ ಕಣ್ರೀ!

ಇನ್ನೊಂದು ಶಾಲೆ ನೋಡಿಕೊಳ್ಳಬಾರದಾ ಅಂತ ಸುಲಭವಾಗಿ ಅಂದುಬಿಡುತ್ತಾರೆ ಜನ. ಮಧ್ಯಾಹ್ನ ಊಟದ ಬೆಲ್ ಹೊಡೆದ ಏಳು ನಿಮಿಷಕ್ಕೆ ನಾನು ಮನೆ ಮುಟ್ಟುವಂಥ ಶಾಲೆ ಈ ಭೂಮಿಯ ಮೇಲೆ ಇದೊಂದೇ. ಮನೆಯಲ್ಲಿ ನಮ್ಮತ್ತೆ ಮಂಚಮ್ಮ ಇದ್ದಾಳೆ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿದೆ. ನನ್ನ ಗಂಡ ರಾಜೇಂದ್ರ ತಾಂಡವಪುರದ ಕಡೆ ಫ್ಯಾಕ್ಟರಿಗೆ ಬೆಳಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮಧ್ಯಾಹ್ನ ನಾನೇ ಓಡಬೇಕು. ಅತ್ತೆಯ ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಅನ್ನವನ್ನು ಬಸ್ಸಾರಿನಲ್ಲಿ ಮೆತ್ತಗೆ ಹಿಸುಕಿ ತಿನ್ನಿಸಬೇಕು. ತಿರುಗಿಸದೆ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ ಅಂತ ಡಾಕ್ಟರು ಎರಡೆರಡು ಸಲ ಹೇಳಿದ್ದಾರೆ.

ಕಂಡವರ ಗದ್ದೆಯಲ್ಲಿ ನಾಟಿ ಹಾಕಿ ನನ್ನನ್ನು ಬಿ.ಎಡ್. ಓದಿಸಿದವಳು ಅವಳು. ಹೆತ್ತ ತಾಯಿಯೂ ಅಷ್ಟು ಮಾಡಲಿಲ್ಲ. ಅತಿಥಿ, ಕಾಯಂ ಅನ್ನುವ ಭೇದ ಅವಳಿಗೆ ತಿಳಿಯದು. ‘ನಮ್ ಸೊಸೆ ಮೇಡಮ್ಮ’ ಅಂತ ಬಂದವರಿಗೆಲ್ಲ ಹೇಳುತ್ತಾಳೆ. ಕಿವಿ ಮಾತ್ರ ಇನ್ನೂ ಚುರುಕು. ಎರಡು ಗಂಟೆ ದಾಟಿ ಶಾಲೆಯಲ್ಲಿ ಜವಾನ ಚೆಲುವಯ್ಯ ಬೆಲ್ ಹೊಡೆದರೆ ನನಗಿಂತ ಮೊದಲು ಅವಳಿಗೆ ಕೇಳಿಸುತ್ತದೆ. ಬಾಯಲ್ಲಿ ತುತ್ತಿದ್ದರೂ, “ಬೆಲ್ಲು ಒಡುದ್ರು. ಓಗವ್ವ, ಮಕ್ಳು ಕಾಯ್ತವೆ” ಅನ್ನುತ್ತಾಳೆ. ಸಂಜೆ ಬಂದ ಮೇಲೆ, “ಇವತ್ತೇನ್ ಏಳ್ಕೊಟ್ಟೆ?” ಅಂತ ಕೇಳುತ್ತಾಳೆ. ನಾನು ಹೇಳುವ ತ್ರಿಭುಜ, ವರ್ಗಮೂಲ ಅವಳಿಗೆ ಅರ್ಥವಾಗುವುದಿಲ್ಲ. ಆದರೂ ದಿನಾ ಕೇಳಬೇಕು, ದಿನಾ ಹೇಳಬೇಕು.

ಈಗ ಹಾವಿನ ವಿಷಯಕ್ಕೆ ಬರುತ್ತೇನೆ. ವರ್ಗಾವಣೆಯ ಕೌನ್ಸೆಲಿಂಗ್ ಹತ್ತಿರ ಬಂದಾಗ ಯಾವ ಯಾವ ಶಾಲೆಯಲ್ಲಿ ಯಾವ ಹುದ್ದೆ ಖಾಲಿ ಅಂತ ಪಟ್ಟಿ ಬಿಡುತ್ತಾರೆ. ಟೀಚರುಗಳೇನು ಕಣ್ಣು ಮುಚ್ಚಿಕೊಂಡು ಆರಿಸಿಕೊಳ್ಳುವುದಿಲ್ಲ. ಹೆಣ್ಣು ಕೊಡುವ ಮನೆಯನ್ನು ವಿಚಾರಿಸುವ ಹಾಗೆ ಮೊದಲು ಶಾಲೆಗೆ ಫೋನ್ ಮಾಡಿ ವಿಚಾರಿಸುತ್ತಾರೆ. ನಮ್ಮ ಹೆಡ್ ಮೇಷ್ಟ್ರು ಅನಂತಪದ್ಮನಾಭ ಸರ್ ಫೋನನ್ನು ಬೀರುವಿನಲ್ಲಿಟ್ಟು ಮರೆಯುವ ಆಸಾಮಿ. ‘ನೀನೇ ಮಾತಾಡಮ್ಮ ಕೋಮಲಾ, ನಿನಗೆ ಎಲ್ಲ ಗೊತ್ತು’ ಅಂತ ಶಾಲೆಯ ಕಾಗದಪತ್ರಕ್ಕೆಲ್ಲ ನನ್ನ ನಂಬರನ್ನೇ ಬರೆಸಿಬಿಟ್ಟಿದ್ದರು. ನನ್ನ ಹುದ್ದೆ ಹೇಗಿದೆ ಅಂತ ಬೇರೆಯವರು ನನ್ನನ್ನೇ ಕೇಳುವುದು! ಹೇಗಿದೆ ನೋಡಿ ನ್ಯಾಯ.

ಮೊದಲ ವರ್ಷ ನಿಜವನ್ನೇ ಹೇಳುತ್ತಿದ್ದೆ. ಅದೃಷ್ಟಕ್ಕೆ ಯಾರೂ ಬರಲಿಲ್ಲ. ಎರಡನೇ ವರ್ಷ ಮೈಸೂರಿನ ಒಬ್ಬರು ‘ಹಾವುಗೀವು ಏನಾದ್ರೂ ಇದ್ಯಾ?’ ಅಂತ ಅವರಾಗಿಯೇ ಕೇಳಿದರು. ‘ಇದೆ ಮೇಡಂ, ಹೋದ ವಾರ ಎಂಟನೇ ಕ್ಲಾಸಿನ ಬೆಂಚಿನ ಕೆಳಗೆ’ ಅಂದೆ. ಫೋನು ಇಟ್ಟುಬಿಟ್ಟರು. ಅಲ್ಲಿಂದ ಹಾವು ಬೆಳೆಯುತ್ತಾ ಹೋಯಿತು. ಅದರ ಜೊತೆ ಬಸ್ಸು ನಿಂತಿತು, ಶೌಚಾಲಯದ ಬಾಗಿಲು ಬಿತ್ತು, ನೀರಿಗೆ ಫ್ಲೋರೈಡ್ ಬಂತು. ಭಾನುವಾರ ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳುವಾಗ ಸುಳ್ಳಾಡಬಾರದು ಅನ್ನುವ ನಾಲ್ಕನೆಯದು ಬಂದರೆ ನನಗೆ ಕೆಮ್ಮು ಬರುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತ ಸುಮ್ಮನೆ ಹೇಳಿದ್ದಾರೆಯೇ?

ಈ ವರ್ಷ ಒಬ್ಬಾಕೆ ಫೋನ್ ಮಾಡಿದರು. ಸುಚೇತಾ ಅಂತ ಹೆಸರು, ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಯಲ್ಲಿ ಗಣಿತದ ಟೀಚರ್. ಸಣ್ಣ ದನಿ, ಆದರೆ ಜಗ್ಗುವ ಹೆಂಗಸಲ್ಲ.

“ಹಾವು ನಮ್ಮಲ್ಲೂ ಇದೆ ಮೇಡಂ. ಆನೇನೂ ಬರುತ್ತೆ” ಅಂದರು.

“ಬಸ್ಸು ಬೆಳಗ್ಗೆ ಒಂದು, ಸಾಯಂಕಾಲ ಒಂದು. ಅದೂ ಬಂದರೆ ಬಂತು.”

“ಪರವಾಗಿಲ್ಲ, ಸ್ಕೂಟರ್ ಇದೆ. ನಂಜನಗೂಡಿಂದ ಅರ್ಧ ಗಂಟೆ ಅಲ್ವಾ?”

ಶೌಚಾಲಯ, ಫ್ಲೋರೈಡ್, ಜಗಳಗಂಟ ಊರು, ಎಲ್ಲ ಮುಗಿಯಿತು. ಆಕೆ ಎಲ್ಲದಕ್ಕೂ ಪರವಾಗಿಲ್ಲ ಅಂದರು. ಮಧ್ಯಾಹ್ನ ಒಬ್ಬಳೇ ಒದ್ದೆಯಲ್ಲಿ ಬಿದ್ದುಕೊಂಡಿರುವ ಮಂಚಮ್ಮ ಕಣ್ಣ ಮುಂದೆ ಬಂದಳು. ಆಗ ನನ್ನ ಬಾಯಿಂದ ಆ ಮಾತು ಹೊರಬಿತ್ತು.

“ನಿಮಗೆ ಹೇಗೆ ಹೇಳಲಿ ಮೇಡಂ… ನಮ್ಮ ಹೆಡ್ ಮೇಷ್ಟ್ರು ಸರಿಯಿಲ್ಲ. ಹೆಂಗಸರ ವಿಷಯದಲ್ಲಿ. ಬಿಡಿ, ನಾನು ಹೇಳಬಾರದು.”

“ಥ್ಯಾಂಕ್ಸ್ ಮೇಡಂ, ಹೇಳಿದ್ದು ಒಳ್ಳೇದಾಯ್ತು” ಅಂದು ಇಟ್ಟುಬಿಟ್ಟರು. ಗೆದ್ದೆ ಅಂದುಕೊಂಡೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಅನಂತಪದ್ಮನಾಭ ಸರ್ ಅಂಥವರಲ್ಲ, ಅಂಥವರಾಗಲು ಸಾಧ್ಯವೂ ಇಲ್ಲ. ನಂಜನಗೂಡಿನ ಪೂಜೆಯ ಮನೆತನದವರು, ರಿಟೈರಾಗಲು ಎರಡು ವರ್ಷ ಉಳಿದಿದೆ. ಮಂಚಮ್ಮನಿಗೆ ಲಕ್ವ ಹೊಡೆದಾಗ, ‘ನೀನು ಊಟಕ್ಕೆ ಮನೆಗೆ ಹೋಗಿ ಬಾ, ಐದು ನಿಮಿಷ ತಡವಾದರೆ ಕ್ಲಾಸು ನಾನು ನೋಡಿಕೊಳ್ಳುತ್ತೇನೆ’ ಅಂದವರು. ಎಷ್ಟೋ ಸಲ ನಾನು ಏದುಸಿರು ಬಿಡುತ್ತಾ ಬಂದರೆ ಬೋರ್ಡಿನ ಮೇಲೆ ಅವರು ಲೆಕ್ಕ ಬರೆದು, ತಪ್ಪು ಮಾಡಿ, ಮಕ್ಕಳ ಕೈಲಿ ನಗಿಸಿಕೊಳ್ಳುತ್ತಾ ನಿಂತಿರುತ್ತಿದ್ದರು. ಅಂಥವರ ಬಗ್ಗೆ ಆಡಿದ ಮಾತು ಅದು. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ ತಾನೆ?

ಹತ್ತು ದಿನವಾಗಿರಬೇಕು. ತಾಲ್ಲೂಕಿನ ಮೀಟಿಂಗ್ ಮುಗಿಸಿ ಬಂದವರು ಸಪ್ಪಗೆ ಕೂತಿದ್ದರು. ಏನು ಸರ್ ಅಂದೆ.

“ಏನಿಲ್ಲಮ್ಮ. ನಾನು ಹೋಗಿ ಕೂತರೆ ಪಕ್ಕದ ಕುರ್ಚಿಯಲ್ಲಿದ್ದ ಒಬ್ಬ ಮೇಡಂ ಎದ್ದುಹೋಗಿ ಹಿಂದೆ ಕೂತರು. ಅವರ ಹಿಂದೆ ಇನ್ನೊಬ್ಬರು. ನನ್ನ ಬಟ್ಟೆ ಏನಾದರೂ ವಾಸನೆ ಬರ್ತಿದೆಯಾ, ನೋಡಮ್ಮ” ಅಂತ ತೋಳು ಮುಂದೆ ಚಾಚಿದರು.

ಎಂಥಾ ಪಾಪಿ ನಾನು! ಆಗಲೇ ಕಾಲಿಗೆ ಬಿದ್ದು ಹೇಳಬೇಕಿತ್ತು. “ಇಲ್ಲ ಸರ್, ವಾಸನೆ ಏನಿಲ್ಲ” ಅಂದೆ.

ಅದಾಗಿ ಎರಡೇ ದಿನಕ್ಕೆ ಶಾಲೆಯ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ನಾನು ಹತ್ತನೇ ಕ್ಲಾಸಿನಲ್ಲಿ ಪೈಥಾಗೊರಸ್ ಪ್ರಮೇಯ ಮಾಡುತ್ತಿದ್ದೆ. ಮೂವತ್ತೈದು ದಾಟಿದ ಹೆಂಗಸು ಬಾಗಿಲಲ್ಲಿ ನಿಂತು ಪಾಠ ಪೂರ್ತಿ ಕೇಳಿದರು. ಕ್ಲಾಸು ಮುಗಿಸಿ ಹೊರಗೆ ಬಂದೆ.

“ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ?” ಅಂದರು. ಅದೇ ಸಣ್ಣ ದನಿ. “ನಾನು ಸುಚೇತಾ.”

ಸುಚೇತಾ ಶೌಚಾಲಯದ ಬಾಗಿಲು ನೋಡಿದರು, ಬಸ್ಸು ಬಂದು ಹೋಗಿದ್ದು ನೋಡಿದರು. ಮರದ ಕೆಳಗೆ ಕೂತು ಅಳುತ್ತಿದ್ದ ಹುಡುಗಿಯೊಬ್ಬಳ ಕಿತ್ತುಹೋದ ಚಪ್ಪಲಿಗೆ ಪಿನ್ನು ಹಾಕಿಕೊಡುತ್ತಿದ್ದ ಹೆಡ್ ಮೇಷ್ಟ್ರನ್ನೂ ನೋಡಿದರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ತಿರುಗಿ ನಾಲ್ಕು ಮಾತು ಆಡಿ ಹಗುರವಾಗುತ್ತಿದ್ದೆ.

“ನಾನು ತಿ. ನರಸೀಪುರದ ಆಚೆ ಆರು ವರ್ಷ ಗೆಸ್ಟ್ ಆಗಿದ್ದೆ” ಅಂದರು. “ನಾನೂ ಹೇಳ್ತಿದ್ದೆ. ನಂದು ಹಾವಲ್ಲ, ಹೆಜ್ಜೇನು.”

ನನಗೆ ನಗು ಬಂತು. ಅವರಿಗೂ ಬಂತು. ಇಬ್ಬರೂ ಕಂಬ ಹಿಡಿದು ನಕ್ಕೆವು. ಆ ನಗುವಿನಲ್ಲಿ ನನಗೊಂದು ಆಸೆ ಹುಟ್ಟಿತು ನೋಡಿ, ಈಕೆಗೆ ನನ್ನ ಕಷ್ಟ ಗೊತ್ತು, ಬಿಟ್ಟುಕೊಡುತ್ತಾರೆ ಅಂತ. ಮಂಚಮ್ಮನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನನ್ನ ಮಗ ಅನಿಕೇತ್ ನಂಜನಗೂಡಲ್ಲಿ ನಮ್ಮಮ್ಮನ ಹತ್ರ ಇದಾನೆ. ಆರು ವರ್ಷ ಅವನಿಗೆ. ಅಜ್ಜೀನ ಅಮ್ಮ ಅಂತಾನೆ. ನನ್ನನ್ನ ಸುಚೇತಾ ಅಂತ ಹೆಸರು ಹಿಡಿದು ಕರೀತಾನೆ. ಶನಿವಾರ ಬಂದು ಸೋಮವಾರ ಹೋಗೋಳ್ನ ಇನ್ನೇನಂತ ಕರೀಬೇಕು ಅವನು?” ಅವರು ಸ್ಕೂಟರಿನ ಕೀ ಹಿಡಿದು ನಿಂತೇ ಇದ್ದರು. “ನಿಮ್ಮ ಮಾತು ಕೇಳಿ ಈ ಶಾಲೆ ಬಿಟ್ಟೇಬಿಟ್ಟಿದ್ದೆ. ಯಾಕೋ ಮನಸ್ಸು ತಡೀಲಿಲ್ಲ, ಬಂದೆ. ತಪ್ಪು ತಿಳ್ಕೋಬೇಡಿ ಕೋಮಲಾ. ನಾನು ಇದನ್ನೇ ತಗೋತೀನಿ.”

ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

ಕೌನ್ಸೆಲಿಂಗ್ ಮುಗಿದ ಮುಂದಿನ ಸೋಮವಾರ ಬೆಳಗ್ಗೆ ಹತ್ತಕ್ಕೆ ಸುಚೇತಾ ಬಂದು ದೊಡ್ಡ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರು. ನಾನು ಯಾವ ಪಾಠ ಎಲ್ಲಿಗೆ ನಿಂತಿದೆ, ಯಾವ ಮಗುವಿಗೆ ಭಾಗಾಕಾರ ಬರುವುದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ತಿ. ನರಸೀಪುರದ ಆಚೆ ತಾವಿದ್ದ ಶಾಲೆಯಲ್ಲಿ ಗಣಿತ ಖಾಲಿಯಿದೆ, ಮಾತಾಡಿದ್ದೇನೆ ಅಂತ ಅವರೂ ಒಂದು ಚೀಟಿ ಕೊಟ್ಟರು. ಎರಡು ಬಸ್ಸು ಹತ್ತಿ ಇಳಿಯಬೇಕು. ಏಳಕ್ಕೆ ಬಿಟ್ಟರೆ ಸಂಜೆ ಆರಕ್ಕೆ ಮನೆ. ಮಧ್ಯಾಹ್ನ ಮಂಚಮ್ಮನ ಮಗ್ಗುಲು ತಿರುಗಿಸುವವರು ಯಾರು ಅಂತ ಚೀಟಿಯಲ್ಲಿ ಬರೆದಿರಲಿಲ್ಲ.

ಹೊರಡುವ ಮೊದಲು ಹೆಡ್ ಮೇಷ್ಟ್ರ ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ. ಹಾವು, ಬಸ್ಸು, ಕೊನೆಗೆ ಅವರ ಬಗ್ಗೆ ಆಡಿದ್ದು. ಆ ಮಾತು ಎಲ್ಲಿಂದ ಎಲ್ಲಿಗೆ ಹರಡಿ ಮೀಟಿಂಗಿನ ಕುರ್ಚಿ ಮುಟ್ಟಿತು ಅನ್ನುವುದು. ಅಳು ತಡೆಯಲಾಗಲಿಲ್ಲ. ಅವರು ಕನ್ನಡಕ ತೆಗೆದರು, ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

“ಹಾವೇ ಸಾಕಾಗಿತ್ತಲ್ಲಮ್ಮ” ಅಂದರು.

ಊಟದ ಬೆಲ್ ಆಯಿತು. ನಾನು ಚೀಲ ಎತ್ತಿಕೊಂಡು ಹೊರಗೆ ಬಂದೆ. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ದಿನದಂತೆ ಮನೆಗೆ ಓಡುತ್ತಿದ್ದಾಳೆ ಅಂದುಕೊಂಡು ಯಾರೂ ತಿರುಗಿ ನೋಡಲಿಲ್ಲ.

ಮಂಚಮ್ಮನ ಬಟ್ಟೆ ಬದಲಿಸಿದೆ, ಮಗ್ಗುಲು ತಿರುಗಿಸಿದೆ. ಅವತ್ತು ಅವಸರವಿರಲಿಲ್ಲ, ನಿಧಾನವಾಗಿ ತಿನ್ನಿಸಿದೆ. ಹೇಗೆ ಹೇಳುವುದು ಅಂತ ಲೆಕ್ಕ ಹಾಕುತ್ತಲೇ ಇದ್ದೆ. ನಾಟಿ ಹಾಕಿ ಓದಿಸಿದವಳಿಗೆ, ಅಮ್ಮ, ನಿನ್ನ ಸೊಸೆ ಯಾವತ್ತೂ ಅಲ್ಲಿನ ಮೇಡಮ್ಮ ಆಗಿರಲೇ ಇಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ಅಷ್ಟರಲ್ಲಿ ಬೆಲ್ ಕೇಳಿಸಿತು, ಎಂದಿನಂತೆ ಮೊದಲು ಅವಳಿಗೇ.

“ಬೆಲ್ಲು ಒಡುದ್ರು. ಓಗವ್ವ, ಮಕ್ಳು ಕಾಯ್ತವೆ.”

ಎದ್ದೆ. ಕೈ ತೊಳೆದು, ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಎಳೆದುಕೊಂಡು ಹೊರಗೆ ಹೋದೆ. ಎರಡೂಕಾಲಿನಿಂದ ನಾಲ್ಕೂವರೆವರೆಗೆ ನಮ್ಮದೇ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಕೆಮ್ಮು ಬಂದರೂ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆ. ಶಾಲೆ ಬಿಟ್ಟ ಮಕ್ಕಳ ಗಲಾಟೆ ಬೀದಿಯಲ್ಲಿ ಕೇಳಿಸಿದ ಮೇಲೆ ಮುಂದಿನ ಬಾಗಿಲಿನಿಂದ ಒಳಗೆ ಹೋದೆ.

“ಬಂದ್ಯಾ?” ಅಂದಳು ಮಂಚಮ್ಮ. “ಇವತ್ತೇನ್ ಏಳ್ಕೊಟ್ಟೆ?”

“ವೃತ್ತ” ಅಂದೆ.

“ಬಂತಾ ಮಕ್ಳಿಗೆ?”

“ಬಂತು ಕಣಮ್ಮ, ಎಲ್ಲರಿಗೂ ಬಂತು” ಅಂದು ಚೀಲವನ್ನು ದಿನಾ ತಗುಲಿಸುವ ಮೊಳೆಗೇ ತಗುಲಿಸಿದೆ.