ಅಚ್ಚು ಬಿಡದ ದೀಪ

ಅಂಟು ಒಣಗಿದ ಕಾಗದದ ದೀಪದ ಬಾಯಿಯೊಳಗೆ ಕೈ ಇಳಿಸಿ, ಒಳಗಿನ ಮರದ ಅಚ್ಚಿನ ಪಟ್ಟಿಗಳನ್ನು ಒಂದೊಂದಾಗಿ ಹೊರಗೆಳೆಯುವುದು ನನ್ನ ಕೆಲಸವಾಗಿತ್ತು. ಎಂಟನೆಯ ಪಟ್ಟಿಯೂ ಬಂದ ಮೇಲೆ ಒಳಗೆ ಬೆಳಕಿಗೆ ಜಾಗವಾಗುತ್ತಿತ್ತು.

ಜಿನದತ್ತರು ಜಪಾನಿನ ಹಳೆಯ ಲಾಂದ್ರಗಳ ಚಿತ್ರ ನೋಡಿ ನೋಡಿ ತಮ್ಮದೇ ಒಂದು ದೀಪ ಕಂಡುಕೊಂಡಿದ್ದರು. ಬಣ್ಣವಿಲ್ಲ, ಕುಚ್ಚಿಲ್ಲ, ಬಿದಿರಿನ ತೆಳು ಬಳೆಗಳ ಮೇಲೆ ಬಿಳಿ ಕಾಗದ, ಅಷ್ಟೇ. ಮರದ ಅಚ್ಚು ಕೆತ್ತುವುದು ಅವರು, ಅದರ ಮೇಲೆ ಬಳೆ ಸುತ್ತಿ ಕಾಗದ ಅಂಟಿಸುವುದು ನಾನು. ಅಲಂಕಾರವಿಲ್ಲದ ವಸ್ತುವಿನಲ್ಲಿ ತಪ್ಪು ಅಡಗಲು ಜಾಗವಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಕೈಗೆ ಅಷ್ಟು ಸೊಕ್ಕಿತ್ತು.

ಆ ವರ್ಷ ಅವರ ಹೆಂಡತಿ ಕುಸುಮಾವತಿಯವರ ಕಾಯಿಲೆ ಕಣ್ಣಿಗೂ ಏರಿತು. ಬೆಳಕು ಬಿದ್ದರೆ ಚೀರುತ್ತಿದ್ದರು. ಕಿಟಕಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ ನಾಲ್ಕು ತಿಂಗಳು ಕಳೆದರು. ಇನ್ನು ಹೆಚ್ಚೆಂದರೆ ಎರಡು ವಾರ ಎಂದು ವೈದ್ಯರು ಹೇಳಿದ ದಿನ ನಾನೂ ಅಲ್ಲಿದ್ದೆ.

"ನಿಮ್ಮ ಮುಖ ಮರ್ತೇ ಹೋಗ್ತಿದೆ ಕಣ್ರೀ," ಎಂದರು ಅವರು ಗಂಡನಿಗೆ. "ಒಂದೇ ಒಂದ್ಸಲ ನೋಡ್ಬಿಡ್ತೀನಿ. ಕಣ್ಣಿಗೆ ಚುಚ್ಚದಂಥ ದೀಪ ಮಾಡ್ಕೊಡಿ. ಊರಿಗೆಲ್ಲ ಮಾಡಿದ್ರಿ, ನಂಗೊಂದು ಬೇಡ್ವಾ?"

ಮೂರು ಪದರ ಕಾಗದದ ದೀಪ ಮಾಡುವುದೆಂದಾಯಿತು. ಅಂಟು ನೆರಳಲ್ಲೇ ಎಂಟು ದಿನ ಒಣಗಬೇಕು. ಮೊದಲೇ ಅಚ್ಚು ತೆಗೆದರೆ ಕಾಗದ ಕುಸಿಯುತ್ತದೆ. ಸೋಮವಾರ ಅಂಟಿಸಿ ಮುಗಿಸಿದೆ. ಜಿನದತ್ತರು ಬಂದು ಅದರ ಮೇಲೆ ಮೆಲ್ಲನೆ ಕೈಯಾಡಿಸಿ ಮನೆಗೆ ಹೋದರು.

ಮುಂದಿನ ಮಂಗಳವಾರ ಓಡೋಡಿ ಬಂದರು. "ಆಯ್ತಾ? ಬೆಳಗ್ಗೆಯಿಂದ ಕೇಳ್ತಾನೇ ಇದಾಳೆ."

"ಹವೆ ತೇವ ಇದೆ. ಇನ್ನೂ ನಾಲ್ಕು ದಿನ ಬೇಕು," ಎಂದೆ. ಅವರು ನಂಬಿದರು.

ಗುರುವಾರ ಮಧ್ಯಾಹ್ನ ಕುಸುಮಾವತಿಯವರು ಆ ಕತ್ತಲಲ್ಲೇ ತೀರಿಕೊಂಡರು.

ಮೂರು ದಿನ ಬಿಟ್ಟು ಜಿನದತ್ತರು ಬಂದಾಗ ದೀಪ ಒಣಗಿತ್ತು. ಅದರ ಬಾಯಿಗೆ ಕೈ ಹಾಕಿ ಮೊದಲ ಪಟ್ಟಿ ಹಿಡಿದೆ.

"ಬೇಡ, ಬಿಡಿ. ಇನ್ಯಾರಿಗೆ?" ಎಂದರು. ಕಾಗದದ ಮೇಲೆ ಬೆರಳಾಡಿಸಿದರು. ಬೆರಳು ಒಂದೆಡೆ ನಿಂತಿತು. "ಆ ಸೋಮವಾರ ಇಲ್ಲೊಂದು ಸುಕ್ಕಿತ್ತು. ಮನೆಗೆ ಹೋಗಿ ಅವಳಿಗೆ ಹೇಳ್ದೆ, ನಿನ್ನ ಕೆನ್ನೆ ಮೇಲಿನ ಗೆರೆ ದೀಪಕ್ಕೂ ಬಿದ್ದಿದೆ ಕಣೇ ಅಂತ. ಎಷ್ಟು ದಿನದ ಮೇಲೆ ನಕ್ಕಳು ಗೊತ್ತಾ?" ಮತ್ತೆ ಸವರಿದರು. "ಈಗ ಇಲ್ವಲ್ಲ."

ಐದನೆಯ ದಿನ, ಕೂದಲೆಳೆಯಷ್ಟಿದ್ದ ಆ ಸುಕ್ಕು ಸಹಿಸಲಾರದೆ, ಮೂರೂ ಪದರ ಕಿತ್ತು ಹೊಸದಾಗಿ ಅಂಟಿಸಿದ್ದೆ; ಎಂಟು ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಿತ್ತು. ಆ ಸುಕ್ಕಿನಿಂದ ಬೆಳಕಿಗೇನೂ ಅಡ್ಡಿಯಿರಲಿಲ್ಲ. ಥೂ, ಯಾರಿಗೆ ಬೇಕಿತ್ತು ಆ ನುಣುಪು! ಮಂಗಳವಾರವೇ ಆಕೆ ಗಂಡನ ಮುಖ ನೋಡಬಹುದಿತ್ತು.

ಜಿನದತ್ತರು ನನ್ನನ್ನೇ ನೋಡಿದರು. "ಕೆಲಸ ಚೆನ್ನಾಗಿದೆ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಮತ್ತೆ ಅಚ್ಚು ಕೆತ್ತಲಿಲ್ಲ.

ಆ ದೀಪ ಇವತ್ತಿಗೂ ನನ್ನ ಬಳಿಯಿದೆ. ಎಲ್ಲೂ ಒಂದು ಸುಕ್ಕಿಲ್ಲ. ಎಂಟು ಪಟ್ಟಿಗಳೂ ಒಳಗೇ ಇವೆ.