ಹತ್ತೊಂಬತ್ತನೆಯವನು

ಮರ್ವ್ ಕಿಟ್ಟೊ ಬಗ್ಗಿದರೆ ನಮ್ಮಲ್ಲಿ ಒಬ್ಬ ಬೀಳುತ್ತಿದ್ದ.

ಅವನು ನಮ್ಮ ಫುಟ್‌ಬಾಲ್ ತಂಡದ, ಕೈಯಲ್ಲೂ ಚೆಂಡು ಹಿಡಿಯುವ ಆಸ್ಟ್ರೇಲಿಯದ ಫುಟ್‌ಬಾಲಿನ, ಹತ್ತೊಂಬತ್ತನೆಯ ಆಟಗಾರ. ಮೈದಾನದಲ್ಲಿ ಹದಿನೆಂಟು ಜನ. ಅವನು ಗೆರೆಯಾಚೆಯ ಬೆಂಚಿನ ಮೇಲೆ, ಚಳಿಗೆಂದು ಬದಲಿ ಆಟಗಾರನಿಗೆ ಕೊಡುವ ಉದ್ದನೆಯ ಗೌನು ಹೊದ್ದು ಕೂತಿರಬೇಕು. ಯಾರಾದರೂ ಪೆಟ್ಟು ತಿಂದು ಹೊರಬಂದರೆ ಮಾತ್ರ ಅವನು ಒಳಗೆ. ಹೊರಬಂದವನು ಆ ದಿನ ಮತ್ತೆ ಕಾಲಿಡುವಂತಿಲ್ಲ. ಯುದ್ಧ ಮುಗಿಸಿ ಮೆಲ್ಬರ್ನ್‌ಗೆ ಬಂದ ಮೇಲೆ ಅವನ ಆಟದ ಬದುಕು ಇಷ್ಟೇ: ಬೆಂಚು, ಗೌನು, ಇನ್ನೊಬ್ಬನ ಮುರಿದ ಮೂಳೆ. ಒಂದೇ ಒಂದು ಪಂದ್ಯವನ್ನು ಮೊದಲ ಗಂಟೆ ಬಾರಿಸಿದಾಗಿನಿಂದ ಕೊನೆಯ ಗಂಟೆ ಬಾರಿಸುವವರೆಗೆ ಆಡಬೇಕೆಂಬುದು ಅವನ ಆಸೆ. ಕುಡಿದಾಗ ಅದನ್ನೇ ಹೇಳುತ್ತಿದ್ದ, ಕುಡಿಯದಿದ್ದಾಗಲೂ.

ಬೂಟಿನ ಲೇಸು ಬಿಚ್ಚಿಟ್ಟುಕೊಂಡೇ ಕೂರುತ್ತಿದ್ದ. ಆಟದ ನಡುವೆ ಇದ್ದಕ್ಕಿದ್ದಂತೆ ಬಗ್ಗಿ ಅದಕ್ಕೆ ಕೈಹಾಕುತ್ತಿದ್ದ. ಆಮೇಲೆ ಮೈದಾನದಲ್ಲೆಲ್ಲೋ ಹಸಿ ಕೊಂಬೆ ಮುರಿದಂಥ ಸದ್ದು.

"ಲೋ ಮರ್ವ್, ಇವತ್ತು ಯಾರ ಸರದಿ? ನಂದಾದ್ರೆ ಈಗ್ಲೇ ಹೇಳ್ಬಿಡು, ರಾತ್ರಿಗೆ ಅಡುಗೆ ಬೇಡ ಅಂತ ಹೆಂಡ್ತಿಗೆ ಹೇಳಿ ಬರ್ತೀನಿ."

ಮೊದಮೊದಲು ಹೀಗೆ ನಕ್ಕೆವು. ಆಮೇಲೆ ಅವನ ಪಕ್ಕ ಬಟ್ಟೆ ಬದಲಿಸುವುದನ್ನೇ ಬಿಟ್ಟೆವು. ಆಡುವಾಗ ಚೆಂಡಿನ ಬದಲು ಅವನ ಕೈ ನೋಡತೊಡಗಿ, ಸೋಲತೊಡಗಿದೆವು.

ನಾಯಕನೂ ತರಬೇತುದಾರನೂ ಆಗಿದ್ದ ಲೆಸ್ ಹ್ಯಾಡೋ ಒಂದು ಉಪಾಯ ಹುಡುಕಿದ.

"ಒಳಗಿದ್ರೆ ಇವನಿಗೆ ಬಗ್ಗೋಕೆ ಪುರುಸೊತ್ತೆಲ್ಲಿ? ಮರ್ವ್, ಶನಿವಾರ ನೀನು ಹದಿನೆಂಟರಲ್ಲಿ. ಕ್ಲ್ಯಾರಿ, ನೀನು ಬೆಂಚಿಗೆ."

ಕ್ಲ್ಯಾರಿ ಎಂದರೆ ನಾನು. "ನಾನೇನ್ ತಪ್ಪು ಮಾಡ್ದೆ?"

"ಏನಿಲ್ಲಪ್ಪ. ಬಗ್ಗೋಕೆ ನಿಂಗೆ ಹೊಟ್ಟೆ ಅಡ್ಡ ಬರತ್ತಲ್ಲ, ಅದಕ್ಕೆ."

ಶನಿವಾರ, ನೀಲಗಿರಿ ಎಣ್ಣೆಯ ಘಾಟಿನ ಕೋಣೆಯಲ್ಲಿ, ಮರ್ವ್ ಮೊಳೆಗೆ ತೂಗುಹಾಕಿದ್ದ ಗೌನು ತೆಗೆದುಕೊಟ್ಟ. ಯಾರೋ ಆಗಷ್ಟೇ ಕಳಚಿಟ್ಟಂತೆ ಅದು ಬೆಚ್ಚಗಿತ್ತು.

"ಲೇಸು ಬಿಗೀತಿದೆ ಅನ್ಸಿದ್ರೆ ಬೇಗ ಬಿಚ್ಬಿಡು. ನಂಗೆ ಒಂದ್ಸಲಾನೂ ಆಗ್ಲಿಲ್ಲ."

"ಬಿಚ್ಚೋದಾ? ನೀನು ಕಟ್ತಿದ್ದಲ್ವಾ?"

"ನಾನ್ಯಾಕೋ ಕಟ್ಲಿ?" ಎಂದು ನಕ್ಕ. ನೋಡುವಂಥ ನಗುವಲ್ಲ.

ಅವನು ಎಷ್ಟು ಚೆನ್ನಾಗಿ ಆಡಿದ! ಎದುರಾಳಿಗಳ ಭುಜದ ಮೇಲಿಂದೆದ್ದು ಚೆಂಡು ಹಿಡಿದ. ಅವನನ್ನು ಶನಿ ಎಂದು ಕೂಗುತ್ತಿದ್ದ ಜನರೇ ಕೈಯಲ್ಲಿದ್ದ ಮಾಂಸದ ಪೈ ತಿನ್ನುವುದು ಬಿಟ್ಟು ಅವನ ಹೆಸರು ಕೂಗಿದರು. ನಾನು ಲೇಸು ಬಿಚ್ಚಿಟ್ಟುಕೊಂಡು, ಎರಡೂ ಕೈಗಳನ್ನು ತೊಡೆಯಡಿ ಇಟ್ಟು ಕೂತೆ. ಆಟದ ನಾಲ್ಕನೆಯ, ಕೊನೆಯ ಪಾಳಿ ಬಂತು. ನಾವು ಮುಂದಿದ್ದೆವು.

ಆಗ ಪಾದದ ಮೇಲೆ ಬಿಗಿತ. ನೋಡಿದರೆ ಬಿಚ್ಚಿಟ್ಟಿದ್ದ ಲೇಸುಗಳೆರಡೂ ಕಟ್ಟಿಕೊಂಡಿದ್ದವು, ಅಚ್ಚುಕಟ್ಟಾಗಿ, ತಾಯಿ ಮಗುವಿಗೆ ಕಟ್ಟಿದಂತೆ. ನನ್ನ ಕೈಗಳು ಇನ್ನೂ ತೊಡೆಯಡಿಯೇ ಇದ್ದವು.

ಬಗ್ಗಿದೆ. ಗಂಟು ಒದ್ದೆಯಾಗಿತ್ತು, ಉಗುರಿಗೆ ಸಿಗಲಿಲ್ಲ. ತಲೆಯೆತ್ತಿದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಕಂಡದ್ದು ಲೇಸು ಕಟ್ಟುತ್ತಿರುವವನು. ಮರ್ವ್‌ಗೆ ಮಾತ್ರ ನಿಜ ಗೊತ್ತಿತ್ತು. ಮೈದಾನದ ನಡುವೆ ಚೆಂಡು ಹಿಡಿದು ನಿಂತುಬಿಟ್ಟಿದ್ದ.

"ಹಲ್ಲಲ್ಲಿ ಕಚ್ಚೋ ಕ್ಲ್ಯಾರಿ! ಕಚ್ಚಿ ಎಳಿ!"

ಕಾಲನ್ನು ಬಾಯಿಗೆಳೆದು ಕಚ್ಚಿದೆ. ಕೆಸರು, ತೊಗಲು. ಒಂದು ಗಂಟು ಸಡಿಲವಾಯಿತು. ಇನ್ನೊಂದು ನನ್ನ ಕಣ್ಣೆದುರೇ ಮತ್ತಷ್ಟು ಬಿಗಿಯಿತು. ಮೈದಾನದಿಂದ ಹಸಿ ಕೊಂಬೆಯ ಆ ಸದ್ದು ಕೇಳಿಸಿತು.

ಮರ್ವ್‌ನನ್ನು ಹೊತ್ತು ನನ್ನ ಮುಂದೆಯೇ ತಂದರು. ಕಾಲು ಬೇರೆ ಯಾರದೋ ಎಂಬಂತೆ ತಿರುಗಿತ್ತು.

"ಇನ್ನೆಷ್ಟು ಉಳ್ದಿತ್ತು?" ಎಂದ.

"ಏನೂ ಇಲ್ಲ, ಮುಗೀತು ಅಂತ್ಲೇ ಅಂದ್ಕೊ."

"ಗಂಟೆ ಹೊಡೀಲಿಲ್ವಲ್ಲೋ."

ಗೌನು ಕಳಚಿ ಒಳಗೆ ಓಡಿದೆ. ಬೂಟು ಎಂದೂ ಅಷ್ಟು ಹಿತವಾಗಿರಲಿಲ್ಲ. ನಾನು ಹತ್ತಿರ ಹೋದಂತೆ ನಮ್ಮವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಲೆಸ್ ನನ್ನ ಬಾಯಿಗಂಟಿದ್ದ ಕೆಸರನ್ನೇ ನೋಡುತ್ತ ಕೇಳಿದ:

"ಒಳಗೆ ಬರೋಕೆ ಅಷ್ಟು ಅರ್ಜೆಂಟಿತ್ತೇನೋ ನಿಂಗೆ?"