ಹನ್ನೆರಡು ತೊಟ್ಟು ನೀಲಗಿರಿ ಎಣ್ಣೆ

ಇಪ್ಪತ್ತಾರು ವರ್ಷ ಸೋಪಿನ ಕಾರ್ಖಾನೆಯಲ್ಲಿ ಪರಿಮಳದ ಎಣ್ಣೆ ಅಳೆದು ಸುರಿದ ಅತ್ತೆಗೆ ಈಗ ವಾಸನೆಯೇ ಗೊತ್ತಾಗುವುದಿಲ್ಲ. ಹಾಲು ಸೀದರೂ ಅಷ್ಟೇ, ಹೂವಿನ ಪಕ್ಕ ಕೂತರೂ ಅಷ್ಟೇ. ಮೂಗು ಹೋಯಿತೆಂದು ನಾಲಿಗೆಯೂ ಹೋಗಬೇಕೇ? ಅದು ಮಾತ್ರ ಗಟ್ಟಿಯಾಗಿಯೇ ಇತ್ತು, ಮನೆಯವರಿಗೆ ಅದೇ ತಲೆನೋವು.

ಆ ಭಾನುವಾರ ಬೆಳಿಗ್ಗೆ ನಾಲ್ಕು ತಿಂಗಳ ಮೊಮ್ಮಗನಿಗೆ ಮೂಗು ಕಟ್ಟಿತ್ತು. ಸೊಸೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ, ತೊಟ್ಟಿಲ ಪಕ್ಕ ಹಬೆ ಬಿಡುವ ಪುಟ್ಟ ಯಂತ್ರ ಇಟ್ಟು, ಅದರ ನೀರಿಗೆ ನೀಲಗಿರಿ ಎಣ್ಣೆ ಬಿಡುತ್ತಿದ್ದಳು. ಬಾಗಿಲಲ್ಲಿ ನಿಂತ ಅತ್ತೆ ಎಣಿಸಿದರು. ಮೊದಲು ನಾಲ್ಕು ತೊಟ್ಟು. ಅರ್ಧ ಗಂಟೆ ಬಿಟ್ಟು ಇನ್ನು ನಾಲ್ಕು. ಆಮೇಲೆ ಮತ್ತೆ ನಾಲ್ಕು.

"ಸಾಕು ನಿಲ್ಸಮ್ಮ. ಎಷ್ಟೂಂತ ಹಾಕ್ತೀಯ?"

"ವಾಸನೆನೇ ಬರ್ತಿಲ್ಲ ಅತ್ತೆ. ಬರೀ ನೀರಿನ ಹಬೆ ಬಂದ್ರೆ ಏನು ಪ್ರಯೋಜನ?"

ಅತ್ತೆಗೆ ಕಾರ್ಖಾನೆ ನೆನಪಾಯಿತು. ಕೆಲಸಕ್ಕೆ ಸೇರಿದ ಮೊದಲ ವಾರ ತಾವೂ ಇದೇ ಮಾತು ಹೇಳಿ, ಎಣ್ಣೆ ಸುರಿದೂ ಸುರಿದೂ ಒಂದು ಕೊಪ್ಪರಿಗೆ ಸೋಪು ಕೆಡಿಸಿ ಮೇಸ್ತ್ರಿಯಿಂದ ಉಗಿಸಿಕೊಂಡಿದ್ದರು. ಘಾಟಿನಲ್ಲೇ ಕೂತ ಮೂಗಿಗೆ ಘಾಟು ತಿಳಿಯುವುದಿಲ್ಲ. ಅದಕ್ಕೇ ಅಲ್ಲಿ ಮೂಸಿ ನೋಡಲು ಅಂಗಳದಲ್ಲಿದ್ದ ಯಾರನ್ನಾದರೂ ಕರೆಯುತ್ತಿದ್ದರು.

"ಬರ್ತಿದೆ ಕಣಮ್ಮ, ನಿನ್ನ ಮೂಗಿಗೆ ಅಭ್ಯಾಸ ಆಗ್ಬಿಟ್ಟಿದೆ. ಇಷ್ಟು ಎಳೇ ಕೂಸಿರೋ ಕೋಣೆಗೆ ಆ ಎಣ್ಣೆ ಒಂದು ತೊಟ್ಟೂ ಬೇಡ. ಉಸಿರು ಹಿಡ್ಕೊಳ್ಳುತ್ತೆ. ಮೊದ್ಲು ಕಿಟಕಿ ತೆಗಿ."

"ಶೀತ ಆಗಿರೋ ಮಗೂಗೆ ಗಾಳಿ ಬಿಡ್ಲಾ? ಇದು ಶುದ್ಧ ಎಣ್ಣೆ, ಬಾಟ್ಲಿ ಮೇಲೇ ಬರ್ದಿದೆ."

"ಬ್ಲೇಡೂ ಶುದ್ಧ ಉಕ್ಕೇ. ಮಗು ಕೈಗೆ ಕೊಡ್ತೀಯಾ?"

"ನಿಮ್ಗೆ ವಾಸನೆನೇ ಗೊತ್ತಾಗಲ್ಲ, ನೀವು ನಂಗೆ ಹೇಳ್ಬೇಡಿ!"

ಮಾತು ನಾಟಿತು. ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಕೆಮ್ಮಿತು, ಉಸಿರು ಸುಯ್ ಸುಯ್ ಎಂದಿತು. ಅತ್ತೆ ಒಳಗೆ ನುಗ್ಗಿದರು. ಕೂಸನ್ನು ಬಾಚಿ ಹೆಗಲಿಗೆ ಹಾಕಿಕೊಂಡು, ಸೊಸೆ ಕೂಗುತ್ತಿದ್ದಂತೆಯೇ ಮನೆಯಿಂದಾಚೆ ನಡೆದು, ಮೂರು ಮನೆಯವರು ಓಡಾಡುವ ಮೆಟ್ಟಿಲ ಮೇಲೆ ಕೂತುಬಿಟ್ಟರು.

ತರಕಾರಿ ಚೀಲ ಹಿಡಿದು ಮೆಟ್ಟಿಲೇರಿ ಬಂದ ಮಗ ಬೆಚ್ಚಿಬಿದ್ದ.

"ಏನಮ್ಮ ಇದು ರಾದ್ಧಾಂತ? ಅಕ್ಕಪಕ್ಕದವ್ರು ಏನಂದ್ಕೊಳ್ಳಲ್ಲ?"

"ಅಂದ್ಕೊಳ್ಳಲಿ. ಅವ್ರ ಬಾಯಿಗೆ ಹೆದರಿ ನಾನು ಮಗೂನ ಆ ಕೋಣೆಗೆ ಕೊಡಲ್ಲ."

"ನೋಡಿ, ಹೇಗೆ ಹಟ ಮಾಡ್ತಿದಾರೆ!" ಬಾಗಿಲಲ್ಲಿ ಸೊಸೆ ಅಳುತ್ತಿದ್ದಳು. "ನಾನೇನು ಮಗೂಗೆ ವಿಷ ಹಾಕ್ತೀನಾ?"

"ಅಮ್ಮ, ಕೊಡು ಇಲ್ಲಿ."

"ಕೊಡಲ್ಲ! ನೀನು ಹೊರಗಿಂದ ಬಂದಿದೀಯ. ಆ ಕೋಣೆಗೆ ಹೋಗಿ ಒಂದು ಉಸಿರು ಎಳ್ಕೊಂಡು ಬಾ. ಆಮೇಲೆ ಕೇಳು."

ಮಗ ಗೊಣಗುತ್ತ ಒಳಗೆ ಹೋದ. ಕೋಣೆಯ ಬಾಗಿಲು ತೆರೆದ ಸದ್ದು. ಹಿಂದೆಯೇ ಕೆಮ್ಮು, ಕೆಮ್ಮಿನ ಮೇಲೆ ಕೆಮ್ಮು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಓಡಿ ಬಂದು ಗೋಡೆ ಹಿಡಿದುಕೊಂಡ.

"ಅಯ್ಯಪ್ಪಾ! ಆ ಘಾಟಲ್ಲಿ ಮಗೂನ ಮಲಗಿಸಿದ್ಯಾ?"

ಸೊಸೆಯ ಅಳು ಗಕ್ಕನೆ ನಿಂತಿತು. "ನಂಗೆ ನಿಜವಾಗ್ಲೂ ವಾಸನೆ ಬರ್ತಿರ್ಲಿಲ್ಲ," ಎಂದಳು, ಗಂಡನಿಗಲ್ಲ, ಅತ್ತೆಗೆ.

"ಗೊತ್ತು ಕಣಮ್ಮ," ಅತ್ತೆಯ ದನಿ ಮೊದಲ ಬಾರಿಗೆ ಮೆತ್ತಗಾಯಿತು. "ನಂಗೂ ಹೀಗೇ ಆಗಿತ್ತು." ಮರುಕ್ಷಣವೇ ಮಗನತ್ತ ತಿರುಗಿ ಗದರಿದರು. "ನಿಂತ್ಕೊಂಡು ಏನು ನೋಡ್ತೀಯ? ಕಿಟಕಿ ಎಲ್ಲಾ ತೆಗ್ದು ಆ ಯಂತ್ರ ಆರ್ಸು. ಗಾಡಿ ಕರಿ. ಉಸಿರು ಇನ್ನೂ ಸರಿ ಇಲ್ಲ, ಈಗ್ಲೇ ಡಾಕ್ಟರಿಗೆ ತೋರಿಸ್ಬೇಕು."

ಮಗ ಓಡಿ ಹೋಗಿ ಹೇಳಿದ್ದೆಲ್ಲ ಮಾಡಿ ಬಂದ. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಸೊಸೆ ಅಡ್ಡ ಬಂದಳು.

"ಬೇಡ ಬಿಡಿ. ಅತ್ತೆ ಹತ್ರಾನೇ ಇರ್ಲಿ."

ಅವಳು ಬಗ್ಗಿ ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಬರಿಗಾಲಲ್ಲೇ ಇಬ್ಬರೂ ಮೆಟ್ಟಿಲಿಳಿದರು.